ಕಾಫಿ ತೋಟದ ಲೈನಿನಲ್ಲಿ ಮೇ ಡೇ ಮಾಡುವುದು ಹೇಗೆ

ಮೇ ಡೇ ಮಾಡೋಣ ಅಂದ ಕೂಡಲೇ ಎಲ್ಲರೂ ಬಾವುಟ, ಮೈಕು, ಶಾಮಿಯಾನದ ಲೆಕ್ಕ ಶುರು ಮಾಡುತ್ತಾರೆ. ನಾನು ಮೊದಲು ಕೇಳುವುದು ಬೇರೆ. ಆ ದಿನ ಅಡುಗೆ ಯಾರದ್ದು? ಇದು ತೀರ್ಮಾನ ಆಗದೆ ಮಿಕ್ಕಿದ್ದಕ್ಕೆ ಕೈ ಹಾಕಬೇಡಿ. ಎಂಟು ಗಂಟೆ ಕೆಲಸ, ಎಂಟು ಗಂಟೆ ವಿಶ್ರಾಂತಿ, ಎಂಟು ಗಂಟೆ ನಮ್ಮಿಷ್ಟಕ್ಕೆ ಅಂತ ಕೇಳಿದ ಜನರ ದಿನ ಇದು. ಆ ದಿನವೇ ಲೈನಿನ, ಅಂದರೆ ತೋಟದ ಕೆಲಸದವರ ಮನೆಸಾಲಿನ, ಹೆಂಗಸರು ಬೆಳಗಿನಿಂದ ಒಲೆ ಮುಂದೆ ಕೂತು, ಭಾಷಣ ಮುಗಿಯುವ ಹೊತ್ತಿಗೆ ಎಲೆ ಹಾಕಲು ಓಡಿಬಂದರೆ ಅದು ಯಾರ ಹಬ್ಬ ಆಯಿತು?

ನಾನು ಆಲ್ದೂರು ಕಡೆಯ ಒಂದು ತೋಟದ ಶಿಶುವಿಹಾರದಲ್ಲಿ ಮಕ್ಕಳನ್ನು ನೋಡಿಕೊಳ್ಳುವವಳು. ಅಪ್ಪ, ಅವ್ವ ಇಬ್ಬರೂ ತೋಟದ ಕೆಲಸದವರೇ. ಬೆಳಿಗ್ಗೆ ಹಾಜರಿಗೆ ಮೊದಲು ತಾಯಂದಿರು ಮಕ್ಕಳನ್ನು ತಂದು ನನ್ನ ಮಡಿಲಿಗೆ ಹಾಕಿ ಹೋಗುತ್ತಾರೆ, ಸಂಜೆ ಬಂದು ಕರೆದುಕೊಂಡು ಹೋಗುತ್ತಾರೆ. ಅವರ ದಿನ ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ ಅನ್ನುವುದು ನನ್ನ ಕಣ್ಣ ಮುಂದೆಯೇ ಇರುವ ಲೆಕ್ಕ. ಹಾಗಾಗಿ ಮೇ ಡೇಯನ್ನು ಹೀಗೇ ಮಾಡಬೇಕು ಅಂತ ನನಗೆ ಒಂದು ಹಟ ಇದೆ. ನಿಮ್ಮ ಲೈನಿನಲ್ಲೂ ಮಾಡುವುದಾದರೆ ಇದನ್ನು ಓದಿಕೊಳ್ಳಿ.

ಮೊದಲು ರಜೆಯ ಮಾತು. ಏಪ್ರಿಲ್ ಮೂರನೇ ವಾರದಲ್ಲೇ ತೋಟದ ಹಾಜರಿ, ಲೆಕ್ಕ ಬರೆಯುವ ರೈಟರ್ ಹತ್ತಿರ ಹೋಗಿ ಮಾತಾಡಿ. ಒಬ್ಬರೇ ಹೋಗಬೇಡಿ, ಮೂರು ನಾಲ್ಕು ಜನ ಹೋಗಿ, ಅದರಲ್ಲಿ ಒಬ್ಬರಾದರೂ ಹೆಂಗಸು ಇರಲಿ. ಕರ್ನಾಟಕದಲ್ಲಿ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳಿಗೆ ಅಂತಲೇ 1963ರ ಕಾಯ್ದೆ ಬಂತು. ಅದರಲ್ಲಿ ಜನವರಿ 26, ಆಗಸ್ಟ್ 15, ಅಕ್ಟೋಬರ್ 2ರ ಜೊತೆ ಮೇ 1 ಕೂಡ ಸಂಬಳ ಸಮೇತದ ರಜೆ. ಆ ದಿನ ಕೆಲಸ ಮಾಡಿಸಲೇಬೇಕು ಅಂತಾದರೆ ಎರಡರಷ್ಟು ಕೂಲಿ ಕೊಡಬೇಕು, ಇಲ್ಲವೇ ಆ ದಿನದ ಕೂಲಿ ಕೊಟ್ಟು ಇನ್ನೊಂದು ದಿನ ರಜೆ ಬಿಡಬೇಕು. ಇದನ್ನು ಜಗಳದ ದನಿಯಲ್ಲಿ ಹೇಳುವ ಅಗತ್ಯ ಇಲ್ಲ. ಹಬ್ಬದ ದಿನ ಹೇಳಿದ ಹಾಗೇ ಹೇಳಿ. ಹಾಜರಿ ಪುಸ್ತಕದಲ್ಲಿ ಆ ದಿನಕ್ಕೆ ರಜೆ ಅಂತ ಬರೆದಿದ್ದಾರಾ, ಗೈರುಹಾಜರಿ ಅಂತ ಬರೆದಿದ್ದಾರಾ ಅನ್ನುವುದನ್ನು ಮಾತ್ರ ಕಣ್ಣಲ್ಲಿ ನೋಡಿ ಬನ್ನಿ.

ದುಡ್ಡಿನ ವಿಷಯ. ಮನೆಗೆ ಇಷ್ಟು ಅಂತ ಚಂದಾ ಎತ್ತಿ. ತೋಟದಿಂದ ಸೌದೆ, ದೊಡ್ಡ ಪಾತ್ರೆ, ಕಾಫಿ ಒಣಗಿಸುವ ಕಣ ಕೇಳಿ ಪಡೆಯಿರಿ, ಅದರಲ್ಲಿ ಸಂಕೋಚ ಬೇಡ. ಆದರೆ ಊಟದ ಪೂರ್ತಿ ಖರ್ಚು ಸಾಹುಕಾರರೇ ಕೊಡುತ್ತೇನೆ ಅಂದರೆ ಪ್ರೀತಿಯಿಂದಲೇ ಬೇಡ ಅನ್ನಿ. ಅನ್ನ ಹಾಕಿದವರ ಎದುರು ಕೂತು ಕೂಲಿ ವಿಷಯ ಮಾತಾಡಲು ನಮ್ಮ ಜನಕ್ಕೆ ಬಾಯಿ ಬರುವುದಿಲ್ಲ. ಇದನ್ನು ಅವರೂ ಅರ್ಥ ಮಾಡಿಕೊಳ್ಳುತ್ತಾರೆ.

ಈಗ ಅಡುಗೆ. ಗಂಡಸರೇ ಮಾಡಬೇಕು, ಬಡಿಸಬೇಕು, ಪಾತ್ರೆ ತೊಳೆಯುವುದೂ ಅವರೇ. ಪಾತ್ರೆ ತೊಳೆಯುವ ಮಾತನ್ನು ಮೊದಲೇ ಆಡಿಬಿಡಿ, ಆಮೇಲೆ ಅದು ಹೇಗೋ ಜಾರಿ ಹೆಂಗಸರ ಪಾಲಿಗೇ ಬರುತ್ತದೆ. ಅಡುಗೆ ಸುಲಭದ್ದಿರಲಿ. ಅನ್ನ, ಕೋಳಿ ಸಾರು, ಹಲಸಿನಕಾಯಿ ಪಲ್ಯ, ಮಜ್ಜಿಗೆ, ಇಷ್ಟು ಸಾಕು. ಕಡುಬಿನ ಆಸೆ ಬೇಡ. ಅರವತ್ತು ಜನಕ್ಕೆ 9 ಕೆಜಿ ಅಕ್ಕಿ ಹಿಡಿಯಿರಿ, ದುಡಿಯುವ ಜನ, ಕಮ್ಮಿ ಆಗಬಾರದು. ಹಲಸಿಗೆ ಇದೇ ಕಾಲ, ತೋಟದಲ್ಲಿ ಮರಕ್ಕೆ ಬರ ಇಲ್ಲ. ಬೀಜ ಗಟ್ಟಿಯಾಗದ ಕಾಯಿ ಆರಿಸಿ. ಹೆಚ್ಚುವ ಮೊದಲು ಕೈಗೂ ಕತ್ತಿಗೂ ಕೊಬ್ಬರಿ ಎಣ್ಣೆ ಸವರಿ. ಕಾಯಿ ಸೀಳಿದ ಮೇಲೆ ಹೊರಬರುವ ಮೇಣವನ್ನು ಒಂದು ಕಡ್ಡಿಗೆ ಸುತ್ತಿ ಸುತ್ತಿ ತೆಗೆಯಿರಿ, ಬಟ್ಟೆಗೆ ಒರೆಸಬೇಡಿ. ನಮ್ಮ ಲೈನಿನಲ್ಲಿ ಮರಗಸಿ ಮಾಡುವ, ಅಂದರೆ ನೆರಳಿನ ಮರದ ಕೊಂಬೆ ಕಡಿಯುವ, ಹುಡುಗರಿಗೆ ಕತ್ತಿ ಹಿಡಿತ ಚೆನ್ನಾಗಿ ಗೊತ್ತು. ಹಲಸು ಹೆಚ್ಚುವ ಕೆಲಸ ಅವರಿಗೆ ಕೊಟ್ಟರೆ ಅರ್ಧ ಗಂಟೆಯಲ್ಲಿ ಮುಗಿಸಿ ಕೋಳಿ ಕಡೆ ಹೋಗುತ್ತಾರೆ. ಉಪ್ಪು ಜಾಸ್ತಿ ಆಯಿತು, ಅನ್ನ ಮುದ್ದೆ ಆಯಿತು ಅಂತ ಹೆಂಗಸರು ಎದ್ದು ಹೋಗಿ ಸೌಟು ಕಿತ್ತುಕೊಳ್ಳಬಾರದು. ಕೂತುಕೊಳ್ಳುವುದೂ ಅಭ್ಯಾಸ ಆಗಬೇಕಲ್ವಾ?

ಹೆಂಡ ಬೇಡ. ಇದನ್ನು ಹೆಂಗಸರ ಸಭೆಯಲ್ಲಿ ತೀರ್ಮಾನ ಮಾಡಿ ಗಂಡಸರಿಗೆ ತಿಳಿಸಿ.

ಹೊತ್ತು ಬೆಳಗಿನದ್ದೇ ಇರಲಿ. ಏಪ್ರಿಲ್ ಕೊನೆ, ಮೇ ಮೊದಲ ವಾರ ನಮ್ಮ ಕಡೆ ಮಧ್ಯಾಹ್ನ ಮೂರರ ಮೇಲೆ ಗುಡುಗು, ಗಾಳಿ, ಮಳೆ. ಕರೆಂಟು ಹೋದರೆ ಮೈಕೂ ಹೋಯಿತು. ಬೆಳಿಗ್ಗೆ ಒಂಬತ್ತೂವರೆಗೆ ಶುರು ಮಾಡಿ, ಒಂದೂವರೆಗೆ ಊಟಕ್ಕೆ ಕೂತರೆ ಸರಿ. ಕ್ರೈಸ್ತರ ಮನೆಗಳಿದ್ದರೆ ಮೊದಲೇ ಕೇಳಿಕೊಳ್ಳಿ. 1955ರಲ್ಲಿ ಹನ್ನೆರಡನೇ ಪಯಸ್ ಪೋಪ್ ಮೇ 1ನ್ನು ಕಾರ್ಮಿಕ ಸಂತ ಜೋಸೆಫರ ಹಬ್ಬ ಅಂತ ಸಾರಿದರು. ಚಿಕ್ಕಮಗಳೂರಿನ ಪ್ರಧಾನ ಚರ್ಚು ಸಂತ ಜೋಸೆಫರ ಹೆಸರಿನದ್ದೇ. ಪೂಜೆಗೆ ಹೋಗಿ ಬರುವವರಿಗೆ ಕಾಯೋಣ. ಚಿಕ್ಕಮಗಳೂರಿನ ಆಜಾದ್ ಪಾರ್ಕಿನಲ್ಲೋ, ಹಾಸನದಲ್ಲೋ ಕಾರ್ಮಿಕ ಸಂಘದವರ ಮೆರವಣಿಗೆಗೆ ಹೋಗುವವರಿದ್ದರೆ ಅವರನ್ನು ತಡೆಯಬೇಡಿ, ಆದರೆ ಲೈನಿನ ಸಭೆಯನ್ನು ಅದಕ್ಕೋಸ್ಕರ ಬಿಡಲೂಬೇಡಿ. ಮಗು ಹೊತ್ತ ತಾಯಿ ಬಸ್ಸು ಹತ್ತಿ ಪೇಟೆಗೆ ಹೋಗಿ ಬಿಸಿಲಲ್ಲಿ ನಿಲ್ಲುವುದಿಲ್ಲ. ಅವಳಿಗೆ ಲೈನಿನಲ್ಲೇ ಆಗಬೇಕು.

ಜಾಗಕ್ಕೆ ಕಣ ಬಹಳ ಒಳ್ಳೆಯದು. ಕಾಫಿ ಒಣಗಿ, ಸಿಪ್ಪೆ ಬಿಡಿಸುವ ಕ್ಯೂರಿಂಗ್ ಕಾರ್ಖಾನೆಗೆ ಹೋಗಿ ಆಗಿರುತ್ತದೆ, ಮೇ ತಿಂಗಳಿನಲ್ಲಿ ಕಣ ಖಾಲಿ. ಬಿಸಿಲಿಗೆ ಟಾರ್ಪಾಲು ಕಟ್ಟಿದರೆ ಸಾಕು. ಹೂವಿಗೆ ದುಡ್ಡು ಖರ್ಚು ಮಾಡಬೇಡಿ. ಗುಲ್ಮೊಹರ್ ಇದೇ ಹೊತ್ತಿಗೆ ಕೆಂಪಾಗಿರುತ್ತದೆ. ಎಷ್ಟೋ ಮನೆಗಳ ಅಂಗಳದಲ್ಲಿ ಮೊದಲ ಮಳೆ ಬಿದ್ದ ಮೇಲೆ ನೆಲದಿಂದ ಒಂದೇ ದಂಟು ಎದ್ದು ಚೆಂಡಿನ ಹಾಗೆ ಕೆಂಪಗೆ ಅರಳುವ ಮೇ ಫ್ಲವರ್ ಇರುತ್ತದೆ, ಅದನ್ನು ಕೀಳದೆ ಕುಂಡದಲ್ಲಿದ್ದರೆ ಕುಂಡ ಸಮೇತ ತನ್ನಿ. ಮರದ ಮೇಲೆ ಬೆಳೆಯುವ ಆರ್ಕಿಡ್ ಹೂವು ಸೀತಾಳೆ ದಂಡೆ ಅರಳಿದ್ದರೆ ಹಿರಿಯ ಹೆಂಗಸರ ಮುಡಿಗೆ.

ಹೂವು ಯಾಕೆ, ಇದು ಹೋರಾಟದ ದಿನ ಅಲ್ವಾ ಅಂತ ಸಂಘದ ಕೆಲವರು ನನ್ನನ್ನು ಕೇಳುತ್ತಾರೆ. ಮೇ ಒಂದಕ್ಕೆ ಹೂವು ಬಂದಿದ್ದು ಬಾವುಟಕ್ಕಿಂತ ಬಹಳ ಮೊದಲು. ಹಳೇ ರೋಮಿನಲ್ಲಿ ಏಪ್ರಿಲ್ ಕೊನೆಯಿಂದ ಮೇ ಮೊದಲ ದಿನಗಳವರೆಗೆ ಫ್ಲೋರಾ ಎಂಬ ಹೂವಿನ ದೇವತೆಯ ಹಬ್ಬ ಮಾಡುತ್ತಿದ್ದರು. ಬಿಳಿ ಬಟ್ಟೆ ಬಿಟ್ಟು ಬಣ್ಣದ ಬಟ್ಟೆ ಉಡುತ್ತಿದ್ದರು. ಐರ್ಲೆಂಡ್, ಸ್ಕಾಟ್‌ಲೆಂಡ್ ಕಡೆ ಬೆಲ್ಟೇನ್ ಅಂತ ಹಬ್ಬ ಮಾಡುತ್ತಿದ್ದರು. ದನಗಳನ್ನು ಬೇಸಿಗೆಯ ಹುಲ್ಲುಗಾವಲಿಗೆ ಅಟ್ಟುವ ಮೊದಲು ಎರಡು ಬೆಂಕಿ ಹಾಕಿ, ಅದರ ನಡುವೆ ದಾಟಿಸುತ್ತಿದ್ದರು. ರೋಗ ರುಜಿನ ಬರಬಾರದು ಅಂತ. ನಮ್ಮಲ್ಲಿ ಸಂಕ್ರಾಂತಿಗೆ ದನ ಕಿಚ್ಚು ಹಾಯಿಸುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂಗ್ಲೆಂಡಿನ ಹಳ್ಳಿಗಳಲ್ಲಿ ಮೇ ಒಂದಕ್ಕೆ ಕಂಬ ನೆಟ್ಟು ಸುತ್ತ ಕುಣಿಯುತ್ತಿದ್ದರು. ಇದು ದೇವರಿಗೆ ಆಗದ ಕುಣಿತ ಅಂತ 1644ರಲ್ಲಿ ಅಲ್ಲಿನ ಪಾರ್ಲಿಮೆಂಟ್ ಆ ಕಂಬಗಳನ್ನೇ ನಿಷೇಧ ಮಾಡಿತು. 1660ರಲ್ಲಿ ರಾಜನ ಆಳ್ವಿಕೆ ಮತ್ತೆ ಬಂದ ಮೇಲೆ ಜನ ಮತ್ತೆ ನೆಟ್ಟರು. ಫ್ರಾನ್ಸಿನಲ್ಲಿ ಇವತ್ತಿಗೂ ಮೇ ಒಂದರಂದು ಗಂಟೆಯ ಆಕಾರದ ಪುಟ್ಟ ಬಿಳಿ ಹೂವಿನ ಕಡ್ಡಿ ಕೊಟ್ಟು ಒಳ್ಳೆಯದಾಗಲಿ ಅನ್ನುತ್ತಾರೆ. ಆ ಒಂದು ದಿನ ಯಾರು ಬೇಕಾದರೂ ರಸ್ತೆ ಬದಿ ನಿಂತು ಆ ಹೂವು ಮಾರಬಹುದು.

ನಮ್ಮಲ್ಲೂ ಇದು ಅದೇ ಕಾಲ. ಮಾರ್ಚಿನಲ್ಲಿ ಕಾಫಿ ಹೂ ಅರಳಿಸುವ ಹೂ ಮಳೆ ಬಿದ್ದು ವಾರ ಕಳೆದರೆ ತೋಟಕ್ಕೆ ತೋಟವೇ ಬೆಳ್ಳಗಾಗುತ್ತದೆ. ಮೂಡಿಗೆರೆ, ಸಕಲೇಶಪುರದ ಊರುಗಳಲ್ಲಿ ಸುಗ್ಗಿ ಹಬ್ಬ, ಸುಗ್ಗಿ ಕುಣಿತ ನಡೆಯುವುದೂ ಈ ಬೇಸಿಗೆಯಲ್ಲೇ. ಹಾಗಾಗಿ ಲೈನಿನ ಮೇ ಡೇಯಲ್ಲಿ ಕುಣಿತ ಇರಲೇಬೇಕು ಅನ್ನುವವಳು ನಾನು. ಮಕ್ಕಳಿಗಂತೂ ಮೇಲಿಂದ ಇಳಿಬಿಟ್ಟ ಪಟ್ಟಿಗಳನ್ನು ಹೆಣೆಯುತ್ತಾ ಕುಣಿಯುವ ಜಡೆ ಕೋಲಾಟ ಕಲಿಸಿ. ಇಂಗ್ಲೆಂಡಿನ ಮೇ ಕಂಬಕ್ಕೆ ಬಣ್ಣದ ಪಟ್ಟಿ ಕಟ್ಟಿ ಹೆಣೆಯುವ ಕುಣಿತ ಬಳಕೆಗೆ ಬಂದಿದ್ದು 19ನೇ ಶತಮಾನದಲ್ಲಿ. ಹೆಣಿಗೆ ನಮ್ಮ ಜಡೆ ಕೋಲಾಟದ್ದೇ. ನಾನು ಎರಡನ್ನೂ ಸೇರಿಸಿ ಮಾಡಿಸುತ್ತೇನೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಕೆಡುವುದು ಇಲ್ಲೇ.

ಹತ್ತು ಅಡಿಯ ಬಿದಿರ ಗಳ ಬೇಕು. ಕಣದಲ್ಲಿ ಗುಂಡಿ ತೋಡಲು ಆಗುವುದಿಲ್ಲ, ಹಾಗಾಗಿ ಒಂದು ಡ್ರಮ್ಮಿನ ಮಧ್ಯೆ ಗಳ ನಿಲ್ಲಿಸಿ ಸುತ್ತ ಕಲ್ಲು, ಮರಳು ತುಂಬಿ. ಕುಣಿತ ಮುಗಿಯುವ ತನಕ ಒಬ್ಬ ದೊಡ್ಡವರು ಡ್ರಮ್ಮಿನ ಪಕ್ಕ ಇರಲಿ. ಹಳೇ ಕಾಟನ್ ಸೀರೆಯನ್ನು ಉದ್ದಕ್ಕೆ ನಾಲ್ಕು ಬೆರಳು ಅಗಲದ ಪಟ್ಟಿಯಾಗಿ ಸೀಳಿ. ಸೀರೆ ಐದೂವರೆ ಮೀಟರ್ ಇರುತ್ತದೆ, 15 ಅಡಿ ಇಟ್ಟುಕೊಂಡು ಮಿಕ್ಕಿದ್ದು ಕತ್ತರಿಸಿ. ನೈಲಾನ್ ಸೀರೆ ಬೇಡ, ಹೆಣೆದದ್ದು ಜಾರಿಬಿಡುತ್ತದೆ. ಎಂಟು ಪಟ್ಟಿ, ಎರಡು ಬಣ್ಣ, ನಾಲ್ಕು ನಾಲ್ಕು. ಗಳದ ತುದಿಯಲ್ಲಿ ಒಂದು ಗೀರು ಹಾಕಿ ಅದರೊಳಗೆ ಹಗ್ಗ ಕೂರುವ ಹಾಗೆ ಪಟ್ಟಿಗಳನ್ನು ಬಿಗಿದು ಕಟ್ಟಿ.

ಎಂಟು ಮಕ್ಕಳು ದುಂಡಗೆ ನಿಲ್ಲಲಿ, ಒಂದು ಬಣ್ಣದ ಪಕ್ಕ ಇನ್ನೊಂದು ಬಣ್ಣ. ಕೆಂಪು ಹಿಡಿದವರು ಬಲಕ್ಕೆ ಮುಖ, ಹಳದಿ ಹಿಡಿದವರು ಎಡಕ್ಕೆ ಮುಖ. ಹಾಗೆ ತಿರುಗಿದರೆ ಪ್ರತಿಯೊಬ್ಬರ ಎದುರಿಗೂ ಇನ್ನೊಂದು ಬಣ್ಣದವರು ಇರುತ್ತಾರೆ. ಮೊದಲ ಸಲ ಕೆಂಪಿನವರು ಕೈ ಎತ್ತುತ್ತಾರೆ, ಹಳದಿಯವರು ಬಗ್ಗಿ ಕೆಳಗಿಂದ ದಾಟುತ್ತಾರೆ. ಮುಂದಿನವರು ಎದುರಾದಾಗ ಹಳದಿ ಮೇಲೆ, ಕೆಂಪು ಕೆಳಗೆ. ಮೇಲೆ, ಕೆಳಗೆ, ಮೇಲೆ, ಕೆಳಗೆ, ಇಷ್ಟೇ. ಬಾಯಲ್ಲಿ ಹೇಳಿಕೊಂಡೇ ನಡೆಯಲಿ. ಪಟ್ಟಿ ಸಡಿಲ ಬಿಟ್ಟರೆ ಕಾಲಿಗೆ ಸಿಕ್ಕುತ್ತದೆ, ಜಾಸ್ತಿ ಎಳೆದರೆ ಗಳ ಬಾಗುತ್ತದೆ. ಗಳದ ಮೇಲೆ ಚೌಕ ಚೌಕ ಹೆಣಿಗೆ ಇಳಿಯುತ್ತಾ ಬರುವುದು ಕಾಣುವಾಗ ಮಕ್ಕಳ ಮುಖ ನೋಡಬೇಕು. ಬಿಚ್ಚುವಾಗ ಎಲ್ಲರೂ ಹಿಂದಕ್ಕೆ ತಿರುಗಿ, ಕೊನೆಗೆ ಯಾರು ಮೇಲೆ ಇದ್ದರೋ ಅವರಿಂದಲೇ ಉಲ್ಟಾ ಶುರು ಮಾಡಬೇಕು. ಒಬ್ಬರು ತಪ್ಪಿದರೂ ಗಂಟು ಬೀಳುತ್ತದೆ. ಏಳು ವರ್ಷದ ಕೆಳಗಿನವರಿಗೆ ಬರಿಗೈ ಕೋಲಾಟ ಸಾಕು. ಸುಗ್ಗಿ ಹಾಡು ಗೊತ್ತಿರುವ ಅಜ್ಜಿಯರು ಲೈನಿನಲ್ಲಿ ಇದ್ದೇ ಇರುತ್ತಾರೆ, ಅವರು ಹಾಡಲಿ.

ಪಟ್ಟಿಗಳನ್ನು ಸುಮ್ನೆ ಕಟ್ಟಬೇಡಿ. 1895ರ ಮೇ ಡೇಗೆ ವಾಲ್ಟರ್ ಕ್ರೇನ್ ಎಂಬ ಇಂಗ್ಲಿಷ್ ಚಿತ್ರಕಾರ ದೊಡ್ಡ ಹೂಮಾಲೆ ಹಿಡಿದ ಹೆಣ್ಣಿನ ಚಿತ್ರ ಬರೆದ. ಮಾಲೆಗೆ ಸುತ್ತಿದ ಪಟ್ಟಿಗಳ ಮೇಲೆ ಕೆಲಸದವರ ಬೇಡಿಕೆಗಳನ್ನು ಬರೆದಿದ್ದ. ಮಕ್ಕಳಿಂದ ದುಡಿಸಬಾರದು ಅನ್ನುವುದು ಅದರಲ್ಲಿ ಒಂದು. ನಾನು ಆ ಉಪಾಯ ತೆಗೆದುಕೊಂಡೆ. ಹಿಂದಿನ ದಿನ ಒಂದೊಂದು ಮನೆಯವರಿಂದ ಒಂದೊಂದು ಮಾತು ಕೇಳಿ ಪಟ್ಟಿಯ ಮೇಲೆ ಬರೆಯುತ್ತೇವೆ. ನಲ್ಲಿಗೆ ಬೆಳಿಗ್ಗೆ ಐದಕ್ಕೇ ನೀರು ಬಿಡಿ. ಜಿಗಣೆ ಕಾಲಕ್ಕೆ ಬೂಟು. ಮೇಲಿನ ಲೈನಿಗೆ ಲೈಟು. ಇಂಥವು. ದೊಡ್ಡ ದೊಡ್ಡ ಘೋಷಣೆ ಬರೆಸಬೇಡಿ, ಅವರವರ ಮನೆಯ ಮಾತೇ ಇರಲಿ.

ಆಮೇಲೆ ಕಥೆ ಹೇಳುವುದು. ಯಾರೋ ಪೇಟೆಯಿಂದ ಬಂದು ಒಂದೂವರೆ ಗಂಟೆ ಭಾಷಣ ಮಾಡಿದರೆ ಮಕ್ಕಳು ಅಳುತ್ತವೆ, ತಾಯಂದಿರು ಎದ್ದು ಹೋಗುತ್ತಾರೆ. ಲೈನಿನವರೇ ಒಬ್ಬರು ಇಪ್ಪತ್ತು ನಿಮಿಷದಲ್ಲಿ ಹೇಳಿ ಮುಗಿಸಲಿ. ನಾನು ಹೇಳುವ ಕ್ರಮ ಇದು.

ಸ್ಕಾಟ್‌ಲೆಂಡಿನ ನ್ಯೂ ಲ್ಯಾನಾರ್ಕ್ ಎಂಬಲ್ಲಿ ರಾಬರ್ಟ್ ಓವೆನ್ ಅಂತ ಒಬ್ಬ ಹತ್ತಿ ಗಿರಣಿ ನಡೆಸುತ್ತಿದ್ದ. ದಿನವನ್ನು ಮೂರು ಎಂಟಾಗಿ ಮಾಡಿ ಅಂತ 1817ರಲ್ಲೇ ಹೇಳಿದವನು ಅವನು. ಅದಕ್ಕೂ ಹಿಂದಿನ ವರ್ಷ, 1816ರಲ್ಲಿ, ಗಿರಣಿ ಕೆಲಸದವರ ಪುಟ್ಟ ಮಕ್ಕಳಿಗೆ ಒಂದು ಶಾಲೆ ತೆರೆದಿದ್ದ. ಈ ಮಾತು ಹೇಳುವಾಗ ನನಗೆ ಯಾವಾಗಲೂ ಸ್ವಲ್ಪ ಹೆಮ್ಮೆ. ಎಂಟು ಗಂಟೆಯ ಮಾತೂ ನಮ್ಮಂಥ ಶಿಶುವಿಹಾರವೂ ಒಬ್ಬನ ತಲೆಯಲ್ಲೇ ಒಟ್ಟಿಗೆ ಇದ್ದವು. ಎಂಟು ಗಂಟೆಯ ದಿನವನ್ನು ಮೊದಲು ಪಡೆದವರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನಿನ ಕಲ್ಲು ಕುಟಿಗರು ಸೇರುತ್ತಾರೆ, 1856ರ ಏಪ್ರಿಲ್‌ನಲ್ಲಿ ಕೆಲಸ ಬಿಟ್ಟು ಮೆರವಣಿಗೆ ಹೊರಟು.

ಇನ್ನು ಅಮೆರಿಕ. ಅಲ್ಲಿನ ಕಾರ್ಮಿಕ ಸಂಘಗಳ ಒಕ್ಕೂಟ 1884ರಲ್ಲೇ ಒಂದು ಗಡುವು ಇಟ್ಟಿತು. 1886ರ ಮೇ 1ರಿಂದ ದಿನಕ್ಕೆ ಎಂಟೇ ಗಂಟೆ ಕೆಲಸ. ಆ ದಿನ ಬಂದಾಗ ಊರೂರಿನಲ್ಲಿ ಲಕ್ಷಾಂತರ ಜನ ಕೆಲಸ ನಿಲ್ಲಿಸಿದರು. ಶಿಕಾಗೋ ನಗರ ಮುಂದೆ ಇತ್ತು. ಮೇ 3ರಂದು ಅಲ್ಲಿ ಮೆಕಾರ್ಮಿಕ್ ಎಂಬ ಕೊಯ್ಲು ಯಂತ್ರದ ಕಾರ್ಖಾನೆ ಮುಂದೆ ಪೊಲೀಸರು ಗುಂಡು ಹಾರಿಸಿದರು, ಕಾರ್ಮಿಕರು ಸತ್ತರು. ಅದನ್ನು ಖಂಡಿಸಿ ಮರುದಿನ ಸಂಜೆ ಹೇಮಾರ್ಕೆಟ್ ಎಂಬ ಜಾಗದಲ್ಲಿ ಸಭೆ ಸೇರಿದರು. ಊರಿನ ಮೇಯರ್ ಬಂದು ನೋಡಿ, ಗಲಾಟೆ ಏನೂ ಇಲ್ಲ ಅಂತ ವಾಪಸ್ ಹೋದರು. ಮಳೆ ಬಂತು, ಜನ ಚದುರತೊಡಗಿದರು. ಕೆಲವೇ ನೂರು ಜನ ಉಳಿದಿದ್ದಾಗ ಪೊಲೀಸರ ದಂಡು ಬಂತು. ಯಾರೋ ಬಾಂಬ್ ಎಸೆದರು. ಯಾರು ಅಂತ ಇವತ್ತಿನವರೆಗೂ ಗೊತ್ತಾಗಿಲ್ಲ. ಪೊಲೀಸರು ಗುಂಡು ಹಾರಿಸಿದರು. ಏಳು ಪೊಲೀಸರು ಸತ್ತರು, ನಾಲ್ವರಾದರೂ ಕಾರ್ಮಿಕರು ಸತ್ತರು.

ಬಾಂಬ್ ಎಸೆದಿದ್ದು ಇವರೇ ಅಂತ ತೋರಿಸಲು ಆಗದಿದ್ದರೂ ಎಂಟು ಮುಖಂಡರ ಮೇಲೆ ಕೇಸು ನಡೆಯಿತು. 1887ರ ನವೆಂಬರ್ 11ರಂದು ನಾಲ್ವರನ್ನು ಗಲ್ಲಿಗೆ ಹಾಕಿದರು. ಆಗಸ್ಟ್ ಸ್ಪೀಸ್, ಆಲ್ಬರ್ಟ್ ಪಾರ್ಸನ್ಸ್, ಅಡಾಲ್ಫ್ ಫಿಷರ್, ಜಾರ್ಜ್ ಎಂಗೆಲ್. ಈ ನಾಲ್ಕು ಹೆಸರನ್ನು ಓದುವಾಗ ನಿಧಾನವಾಗಿ ಓದಿ. ಲೂಯಿ ಲಿಂಗ್ ಎಂಬ ಇನ್ನೊಬ್ಬ ಹಿಂದಿನ ದಿನವೇ ಜೈಲಿನಲ್ಲಿ ಸತ್ತಿದ್ದ. ಮಿಕ್ಕ ಮೂವರನ್ನು 1893ರಲ್ಲಿ ಆಲ್ಟ್‌ಗೆಲ್ಡ್ ಎಂಬ ಗವರ್ನರ್, ಈ ವಿಚಾರಣೆ ನ್ಯಾಯವಾಗಿ ನಡೆದಿಲ್ಲ ಅಂತ ಹೇಳಿ ಬಿಡುಗಡೆ ಮಾಡಿದರು.

ಇಲ್ಲಿಗೆ ನಿಲ್ಲಿಸಬೇಡಿ, ಲೂಸಿ ಪಾರ್ಸನ್ಸ್ ಬಗ್ಗೆ ಹೇಳಿ. ಆಲ್ಬರ್ಟನ ಹೆಂಡತಿ. ಬಟ್ಟೆ ಹೊಲಿದು ಸಂಸಾರ ನಡೆಸಿದವಳು, ಹೊಲಿಗೆ ಕೆಲಸದ ಹೆಂಗಸರನ್ನು ಎಂಟು ಗಂಟೆಗೋಸ್ಕರ ಒಟ್ಟು ಮಾಡಿದವಳು. ಗಂಡ ಹೋದ ಮೇಲೆ ಐವತ್ತು ವರ್ಷಕ್ಕೂ ಜಾಸ್ತಿ ಬದುಕಿ, ಮುದುಕಿಯಾದ ಮೇಲೂ ವೇದಿಕೆ ಹತ್ತಿ ಮಾತಾಡಿದಳು. ನಮ್ಮ ಲೈನಿನಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡ ಹುಡುಗಿಯರು ತಲೆ ಎತ್ತಿ ಕೇಳುವುದು ಈ ಭಾಗವನ್ನೇ.

1889ರಲ್ಲಿ ಪ್ಯಾರಿಸ್ಸಿನಲ್ಲಿ ಹಲವು ದೇಶಗಳ ಕಾರ್ಮಿಕ ಮುಖಂಡರು ಸೇರಿ, ಮುಂದಿನ ವರ್ಷದ ಮೇ 1ಕ್ಕೆ ಎಲ್ಲ ಕಡೆ ಒಟ್ಟಿಗೆ ಎಂಟು ಗಂಟೆ ಕೇಳೋಣ ಅಂತ ತೀರ್ಮಾನ ಮಾಡಿದರು. ಅಲ್ಲಿಂದ ಇದು ಲೋಕದ ದಿನ ಆಯಿತು. ಆದರೆ ಅಮೆರಿಕದಲ್ಲಿ ಕಾರ್ಮಿಕರ ರಜೆ ಸೆಪ್ಟೆಂಬರ್ ಮೊದಲ ಸೋಮವಾರ. ನಮ್ಮ ದೇಶಕ್ಕೆ ಬಂದಿದ್ದು 1923ರಲ್ಲಿ, ಮದ್ರಾಸಿಗೆ. ಕಾರ್ಮಿಕ ಮುಖಂಡ ಸಿಂಗಾರವೇಲು ಅವರು ಹೈಕೋರ್ಟ್ ಎದುರಿನ ಸಮುದ್ರ ದಂಡೆಯಲ್ಲೂ ಟ್ರಿಪ್ಲಿಕೇನ್ ದಂಡೆಯಲ್ಲೂ ಸಭೆ ನಡೆಸಿದರು. ಲೈನಿನಲ್ಲಿ ತಮಿಳು ಮನೆಗಳಿದ್ದರೆ ಇದನ್ನು ಅವರ ಬಾಯಲ್ಲೇ ಹೇಳಿಸಿ. ಆಮೇಲೆ ಅಂಬೇಡ್ಕರ್. ವೈಸರಾಯ್ ಮಂಡಳಿಯಲ್ಲಿ 1942ರಿಂದ 1946ರವರೆಗೆ ಕಾರ್ಮಿಕ ಖಾತೆ ಅವರ ಕೈಯಲ್ಲಿತ್ತು. ಕಾರ್ಖಾನೆ ಕೆಲಸ ವಾರಕ್ಕೆ 54 ಗಂಟೆಯಿಂದ 48ಕ್ಕೆ ಇಳಿದಿದ್ದು 1946ರ ತಿದ್ದುಪಡಿಯಲ್ಲಿ. ನಮ್ಮ ಪಾಲಿಗೆ ಬಂದಿದ್ದು 1951ರ ತೋಟ ಕಾರ್ಮಿಕರ ಕಾಯ್ದೆ. ಮನೆ, ವಾರದ ರಜೆ, ಮಳೆ ಚಳಿಗೆ ಕೊಡೆ ಕಂಬಳಿ, ಐವತ್ತು ಹೆಂಗಸರು ದುಡಿಯುವ ತೋಟದಲ್ಲಿ ಶಿಶುವಿಹಾರ, ಇವೆಲ್ಲ ಅದರಲ್ಲಿ ಬಂದವು. ಲೈನ್ ಮನೆ ಸಾಹುಕಾರರ ದಯೆ ಅಂದುಕೊಂಡೇ ಬೆಳೆದ ಮಕ್ಕಳಿಗೆ ಇದು ಗೊತ್ತಿರಬೇಕು.

ಅಸ್ಸಾಂ, ಬಂಗಾಳದ ಕಡೆಯಿಂದ ಬಂದವರು ಈಗ ಎಲ್ಲ ತೋಟದಲ್ಲೂ ಇದ್ದಾರೆ. ಅವರನ್ನು ಹಿಂದೆ ನಿಲ್ಲಿಸಬೇಡಿ. ಕಥೆ ಹೇಳುವಾಗ ನಡು ನಡುವೆ ಒಬ್ಬರು ಹಿಂದಿಯಲ್ಲಿ ಹೇಳಲಿ. ಅಸ್ಸಾಮಿನವರಿಗೆ ಏಪ್ರಿಲ್ ಮಧ್ಯದಲ್ಲಿ ರೊಂಗಾಲಿ ಬಿಹು, ವಸಂತದ ಹಬ್ಬ, ಹೊಸ ವರ್ಷ. ಊರಿಗೆ ಹೋಗಲಾಗದೆ ಇಲ್ಲೇ ಉಳಿದಿರುತ್ತಾರೆ. ನಮ್ಮಲ್ಲಿ ಅವರು ತಗಡಿನ ಡಬ್ಬವನ್ನೇ ಢೋಲ್ ಮಾಡಿಕೊಂಡು ಬಿಹು ಕುಣಿದರು. ಗಮೋಸಾ ಎಂಬ ಕೆಂಪು ಅಂಚಿನ ಬಿಳಿ ವಸ್ತ್ರವನ್ನು ನಮ್ಮ ಹಿರಿಯ ಮೇಸ್ತ್ರಿಯ ಹೆಗಲಿಗೆ ಹಾಕಿದರು. ಆಮೇಲಿಂದ ಅವರನ್ನು ಯಾರೂ ‘ಆ ಕಡೆಯವರು’ ಅನ್ನುವುದಿಲ್ಲ, ಹೆಸರು ಹಿಡಿದೇ ಕರೆಯುತ್ತಾರೆ.

ಊಟಕ್ಕೆ ಮೊದಲು ಬೀಜದ ಲೆಕ್ಕ ಮಾಡಿಸಿ. ಆ ದಿನದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಇದು. ಒಬ್ಬೊಬ್ಬರಿಗೆ 24 ಕಾಫಿ ಬೀಜ ಕೊಡಿ, ದಿನಕ್ಕೆ ಇರುವ ಗಂಟೆಗಳಷ್ಟು. ಮುಂದೆ ಮೂರು ಬಾಳೆ ಎಲೆ ತುಂಡು ಇಡಿ. ಒಂದು ತೋಟದ ಕೆಲಸಕ್ಕೆ, ಒಂದು ನಿದ್ದೆಗೆ, ಒಂದು ನನ್ನಿಷ್ಟಕ್ಕೆ. ನಿನ್ನೆಯ ದಿನ ನೆನೆಸಿಕೊಂಡು ಬೀಜ ಹಾಕಿ ಅನ್ನಿ. ನಾಲ್ಕನೇ ಎಲೆ ನೀವಾಗಿ ಇಡಬೇಡಿ. ಅವರೇ ಕೇಳುತ್ತಾರೆ. ಹೋದ ವರ್ಷ ಒಬ್ಬಾಕೆ, ಎರಡು ಮಕ್ಕಳ ತಾಯಿ, ತೋಟದ ಎಲೆಗೆ ಒಂಬತ್ತು ಹಾಕಿದಳು, ಹೋಗಿ ಬರುವ ದಾರಿಯೂ ಸೇರಿ. ನಿದ್ದೆಗೆ ಆರು. ಕೈಯಲ್ಲಿ ಒಂಬತ್ತು ಇಟ್ಟುಕೊಂಡು, “ಮನೆ ಕೆಲಸ ಎಲ್ಲಿ ಹಾಕಲಿ?” ಅಂದಳು. ಇನ್ನೊಂದು ಎಲೆ ಕೊಟ್ಟೆ. ನೀರು, ಸೌದೆ, ರೊಟ್ಟಿ, ಬಟ್ಟೆ, ಅತ್ತೆಯ ಕಾಲಿಗೆ ಎಣ್ಣೆ, ಹೇಳುತ್ತಾ ಹೇಳುತ್ತಾ ಎಂಟು ಹಾಕಿದಳು. ಒಂದು ಉಳಿಯಿತು. ಅದನ್ನು ಹೆಬ್ಬೆರಳಲ್ಲಿ ಉಜ್ಜುತ್ತಾ ಸುಮಾರು ಹೊತ್ತು ಕೂತಳು. ಆಮೇಲೆ ಅದನ್ನೂ ನಾಲ್ಕನೇ ಎಲೆಗೆ ಹಾಕಿದಳು. “ನಲ್ಲಿ ನೀರು ಬರದ ದಿನ ಇದೂ ಅಲ್ಲಿಗೇ” ಅಂದಳು.

ಗಂಡಸರಿಂದಲೂ ಮಾಡಿಸಿ, ಪಕ್ಕ ಪಕ್ಕದಲ್ಲೇ. ಅವರ ಮೂರನೇ ಎಲೆಯಲ್ಲಿ ನಾಲ್ಕೋ ಐದೋ ಬೀಜ ಇರುತ್ತದೆ. ಬೈಯಬೇಡಿ, ನಗಬೇಡಿ, ಪಾಠ ಹೇಳಬೇಡಿ. ಎಲೆಗಳನ್ನು ಹಾಗೇ ಬಿಟ್ಟು ಎಲ್ಲರೂ ಒಂದು ಸುತ್ತು ನೋಡಿಕೊಂಡು ಬರಲಿ. ಆಮೇಲೆ ಒಂದೇ ಪ್ರಶ್ನೆ ಕೇಳಿ. ಈ ನಾಲ್ಕನೇ ಎಲೆಯಿಂದ ಒಂದು ಬೀಜ ತೆಗೆಯಬೇಕಾದರೆ ಏನಾಗಬೇಕು? ಉತ್ತರ ಎರಡು ಕಡೆ ಹೋಗುತ್ತದೆ. ಕೆಲವು ತೋಟದಿಂದ ಆಗಬೇಕಾದದ್ದು, ನಲ್ಲಿ, ಸೌದೆ, ಗ್ಯಾಸು. ಕೆಲವು ಮನೆಯೊಳಗೇ ಆಗಬೇಕಾದದ್ದು. ಎರಡನ್ನೂ ಬೇರೆ ಬೇರೆ ಬರೆದುಕೊಳ್ಳಿ. ಮನೆಯೊಳಗಿನದ್ದನ್ನು ಸಭೆಯಲ್ಲಿ ಎಳೆದಾಡಬೇಡಿ, ಬೀಜ ನೋಡಿದ ಗಂಡಸರಲ್ಲಿ ಕೆಲವರಿಗಾದರೂ ಅದು ನಾಟಿರುತ್ತದೆ. ಬೆಳಿಗ್ಗೆ ನೀರು ತುಂಬುವ ಗಂಡಸರು ನಮ್ಮ ಲೈನಿನಲ್ಲಿ ಈಗ ಇದ್ದಾರೆ.

ಊಟ ಆದ ಮೇಲೆ ಕಾರ್ಯಕ್ರಮ ಏನೂ ಇಡಬೇಡಿ. ಪಾತ್ರೆ ತೊಳೆಯುವವರು ತೊಳೆಯಲಿ. ಹೆಂಗಸರು ಮಲಗಲಿ, ಚೌಕಾಬಾರ ಆಡಲಿ, ಟಾರ್ಪಾಲಿನ ಕೆಳಗೆ ಕೂತು ಮಾತಾಡಲಿ. ಮಕ್ಕಳನ್ನು ಆ ಮಧ್ಯಾಹ್ನ ನೋಡಿಕೊಳ್ಳಲು ದೊಡ್ಡ ಹುಡುಗರಿಗೆ ಹೇಳಿ, ನಾನಂತೂ ಆ ದಿನ ನೋಡುವುದಿಲ್ಲ, ಅದು ನನಗೂ ರಜೆ.

ಕೊನೆಯ ಕೆಲಸ ಅರ್ಜಿ. ಪಟ್ಟಿಗಳ ಮೇಲೆ ಬರೆದ ಮಾತು, ಬೀಜದ ಲೆಕ್ಕದಲ್ಲಿ ಬಂದ ಮಾತು ಎರಡನ್ನೂ ನೋಡಿ ಮೂರೇ ಮೂರು ಬೇಡಿಕೆ ಆರಿಸಿ. ಒಂದು ಹಾಳೆಯಲ್ಲಿ, ಕನ್ನಡದಲ್ಲಿ, ತಾರೀಕು ಹಾಕಿ ಬರೆಯಿರಿ. ಸಹಿ ಬರುವವರ ಸಹಿ, ಬಾರದವರ ಹೆಬ್ಬೆಟ್ಟು. ಹಳೇ ಕಾರ್ಮಿಕ ಕಾಯ್ದೆಗಳನ್ನು ಈಗ ಹೊಸ ಸಂಹಿತೆಗಳಲ್ಲಿ ಸೇರಿಸಿದ್ದಾರೆ, ಹಾಗಾಗಿ ಸೆಕ್ಷನ್ ನಂಬರು ಹಾಕುವ ಆಸೆ ಇದ್ದರೆ ತಾಲೂಕಿನ ಕಾರ್ಮಿಕ ಇಲಾಖೆಯಲ್ಲಿ ಕೇಳಿಕೊಂಡು ಹಾಕಿ. ಎರಡು ಪ್ರತಿ ಮಾಡಿ. ಮೇ 2ರ ಬೆಳಿಗ್ಗೆ ಹಾಜರಿಗೆ ಮೊದಲು ಒಂದನ್ನು ಆಫೀಸಿಗೆ ಕೊಟ್ಟು, ಇನ್ನೊಂದರ ಮೇಲೆ ತಲುಪಿದೆ ಅಂತ ಸಹಿ ಹಾಕಿಸಿಕೊಳ್ಳಿ. ಆ ಪ್ರತಿ ಒಬ್ಬ ಹೆಂಗಸಿನ ಮನೆಯ ಟ್ರಂಕಿನಲ್ಲಿ ಇರಲಿ. ಜೂನಿನಲ್ಲಿ ಮಳೆ ಹಿಡಿಯುವ ಮೊದಲು ಇನ್ನೊಮ್ಮೆ ಹೋಗಿ ಕೇಳಿ, ಏನಾಯಿತು ಅಂತ.